ಹತ್ತಕ್ಕೆ ಹತ್ತೂ ತಪ್ಪು

ಮೂರನೇ ತರಗತಿಗೆ ಲೆಕ್ಕ ಹೇಳಿಕೊಡುವವರಿಗೆ ಮಕ್ಕಳು ಇಟ್ಟ ಹೆಸರು ಗುಡುಗು ಮೇಷ್ಟ್ರು. ಅವರು ‘ಮಗ್ಗಿ!’ ಎಂದರೆ ಪಕ್ಕದ ತರಗತಿಯವರೂ ಎದ್ದು ನಿಂತು ಒಪ್ಪಿಸತೊಡಗುತ್ತಿದ್ದರು. ಇಪ್ಪತ್ತೆರಡು ವರ್ಷ ಸೀಮೆಸುಣ್ಣವನ್ನೇ ಗದೆಯಂತೆ ಹಿಡಿದು ಆಳಿದ ಈ ಚಕ್ರವರ್ತಿ ಒಳಗೊಳಗೆ ಮಹಾ ಪುಕ್ಕಲ. ಹಲ್ಲಿ ಕಂಡರೆ ಹೆದರಿಕೆ, ಹೆಡ್‌ಮೇಡಂ ಕಂಡರೆ ಹೆದರಿಕೆ. ಮನೆಯಲ್ಲಿ ಹೆಂಡತಿ “ಏನ್ರೀ, ಒಂದ್ನಿಮಿಷ ಬನ್ನಿ ಇಲ್ಲಿ” ಎಂದರೆ ಸಾಕು, ಮಾಡದ ತಪ್ಪನ್ನೂ ನೆನಪಿಸಿಕೊಂಡು ಬೆವರುತ್ತಿದ್ದರು. ಗುಡುಗುತ್ತಿದ್ದದ್ದೂ ಅದಕ್ಕೇ. ಸದ್ದು ಜೋರಾಗಿದ್ದರೆ ಯಾರೂ ಪ್ರಶ್ನೆ ಕೇಳುವುದಿಲ್ಲವಲ್ಲ!

ಅವರ ರಾಜ್ಯದಲ್ಲಿ ಒಂದು ಕಾನೂನಿತ್ತು. ಲೆಕ್ಕವನ್ನು ಎಲ್ಲರಿಗಿಂತ ಮೊದಲು ಮುಗಿಸಿದವರಿಗೆ ಬಹುಮಾನ: ಅದೇ ಜಾತಿಯ ಇನ್ನೂ ಹತ್ತು ಲೆಕ್ಕ. ಕೈ ಖಾಲಿಯಾದರೆ ಮಕ್ಕಳು ಬಾಲ ಬಿಚ್ಚುತ್ತವೆ ಎಂಬುದು ಮೇಷ್ಟ್ರ ಸಿದ್ಧಾಂತ. ವರ್ಷದ ಮೊದಲ ವಾರ, ಬೆಂಚಿಗೆ ಗಲ್ಲ ತಾಗುವಷ್ಟೇ ಎತ್ತರದ ಒಬ್ಬ ಹುಡುಗಿ, ಎಲ್ಲರ ಬಾಯಲ್ಲೂ ಗುಬ್ಬಿ, ಒಂದೇ ಪಿರಿಯಡ್ಡಿನಲ್ಲಿ ಈ ಬಹುಮಾನವನ್ನು ನಾಲ್ಕು ಸಲ ಗೆದ್ದಳು. ಆಮೇಲೆ ಅದೇನಾಯಿತೋ, ದಿನೇದಿನೇ ದಡ್ಡಿಯಾಗುತ್ತ ಹೋದಳು. ಮೇಷ್ಟ್ರು ‘ಆರಂಭಶೂರತ್ವ’ ಎಂದು ಷರಾ ಬರೆದು ಮರೆತರು.

ಈಗ ಹೆಡ್‌ಮೇಡಂ ಕಲಿಕೆಯಲ್ಲಿ ಹಿಂದೆ ಬಿದ್ದವರ ಪಟ್ಟಿ ಕೇಳಿದ್ದರು. ಪಟ್ಟಿ ಸೇರಿದವರು ಮಾರನೆಯ ದಿನದಿಂದ ಕಾರಿಡಾರಿನ ಕೊನೆಯ ಕೋಣೆಯಲ್ಲಿ ವರ್ಷವಿಡೀ ಒಂದರಿಂದ ನೂರು ತಿದ್ದುತ್ತ ಕೂರಬೇಕು. ಅಲ್ಲಿಗೆ ಹೋದವರು ತರಗತಿಗೆ ಮರಳಿದ ದಾಖಲೆ ಇರಲಿಲ್ಲ. ಮೇಷ್ಟ್ರು ಬೆಳಿಗ್ಗೆಯೇ ಗುಬ್ಬಿಯ ಹೆಸರು ಬರೆದುಕೊಟ್ಟು, ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿಕೊಂಡು ಪರೀಕ್ಷೆಯ ಪೇಪರು ತಿದ್ದಲು ಕೂತರು.

ಗುಬ್ಬಿಯದು ಹತ್ತಕ್ಕೆ ಹತ್ತೂ ತಪ್ಪು. ಕೆಂಪು ಪೆನ್ನು ಸುತ್ತು ಹಾಕುತ್ತ ಹೋಗಿ ಐದನೆಯದರಲ್ಲಿ ಗಕ್ಕನೆ ನಿಂತಿತು. ಮೊದಲನೆಯದಕ್ಕೆ ಉತ್ತರ 84, ಅವಳು ಬರೆದದ್ದು 85. ಎರಡನೆಯದಕ್ಕೆ 216, ಅವಳದು 217. ಅಲ್ಲಿಯವರೆಗಿನ ಪ್ರತಿಯೊಂದೂ ಒಂದೇ ಒಂದು ಜಾಸ್ತಿ! ಇಷ್ಟು ಅಚ್ಚುಕಟ್ಟಾಗಿ ತಪ್ಪಬೇಕಾದರೆ ಸರಿ ಯಾವುದೆಂದು ಗೊತ್ತಿರಲೇಬೇಕು. ಮೇಷ್ಟ್ರು ಊಟದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದರು.

ಎಂಟನೆಯದು ಮಾತ್ರ ಹನ್ನೊಂದು ಜಾಸ್ತಿಯಿತ್ತು. ‘ಸದ್ಯ, ಇಲ್ಲಾದರೂ ನಿಜವಾಗಿ ಎಡವಿದ್ದಾಳೆ’ ಎಂದು ಹೋದ ಜೀವ ಬಂದಂತಾಗಿ, ಯಾವುದಕ್ಕೂ ಇರಲಿ ಎಂದು ತಾವೇ ಲೆಕ್ಕ ಮಾಡಿ ನೋಡಿದರು. ಹತ್ತು ಕಡಿಮೆ ಬರೆದದ್ದು ಅವರ ಉತ್ತರಪಟ್ಟಿ! ಹುಡುಗಿ ತಪ್ಪು ಮಾಡುವುದರಲ್ಲೂ ತಪ್ಪಿರಲಿಲ್ಲ.

ಅವಳನ್ನು ಕರೆಸಿದರು. ಗುಡುಗಲು ಬಾಯಿ ತೆರೆದರೆ ಹೊರಟದ್ದು ಪಿಸುಮಾತು. “ಇದೇನಮ್ಮ ಇದು?”

“ತಪ್ಪು ಸಾರ್.”

“ಬೇಕಂತ್ಲೇ ಮಾಡಿದ್ಯಾ?”

“ಸರಿ ಮಾಡಿದ್ರೆ ಇನ್ನೂ ಹತ್ತು ಕೊಡ್ತೀರಲ್ಲ.”

“ಆ ಕೊನೇ ರೂಮಿಗೆ ಹಾಕ್ತಾರೆ, ಗೊತ್ತಾ?”

“ಗೊತ್ತು ಸಾರ್. ಅಲ್ಲಿ ಕಿಟಕಿ ದೊಡ್ಡದಿದೆ.”

ಅವಳಿಗೆ ಒಂದಿಷ್ಟೂ ಭಯವಿರಲಿಲ್ಲ. ಅವಳ ಪಾಲಿನದನ್ನೂ ಸೇರಿಸಿ ಮೇಷ್ಟ್ರೇ ಹೆದರಿದರು. ಹೆಸರು ಹೊಡೆದುಹಾಕಿಸಬೇಕಾದರೆ ತಪ್ಪೊಪ್ಪಿಕೊಳ್ಳಬೇಕು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಹೆಡ್‌ಮೇಡಂ ಕೋಣೆಗೆ ಮೂವತ್ತು ಹೆಜ್ಜೆ. ಮೇಷ್ಟ್ರು ಎರಡು ಸಲ ಅರ್ಧದಾರಿಯಿಂದ ಹಿಂದಿರುಗಿ, ಒಮ್ಮೆ ಬಾಯಾರಿಕೆ ಇಲ್ಲದೆಯೂ ನೀರು ಕುಡಿದು, ಮೂರನೆಯ ದಂಡಯಾತ್ರೆಯಲ್ಲಿ ಬಾಗಿಲು ತಲುಪಿದರು.

“ಪಟ್ಟಿ ಟೈಪಾಗಿ ಮೂರು ಪ್ರತಿ ಆಯ್ತು ಮೇಷ್ಟ್ರೇ. ಈಗೇನು?” ಎಂದರು ಹೆಡ್‌ಮೇಡಂ.

“ಅದು... ಒಂದು ಹೆಸರು...”

“ಜೋರಾಗಿ ಹೇಳಿ. ನಾಲ್ಕು ಗೋಡೆ ದಾಟಿ ಬರೋ ಗಂಟಲು ಈಗೆಲ್ಲಿ ಹೋಯ್ತು?”

“ಗುಬ್ಬಿ ದಡ್ಡಿ ಅಲ್ಲ ಮೇಡಂ. ದಡ್ಡ ನಾನು.”

ಹೆಡ್‌ಮೇಡಂ ಕನ್ನಡಕ ತೆಗೆದರು. “ಬರೆದು ಕೊಡ್ತೀರಾ?”

ಮೇಷ್ಟ್ರು ‘ಮೌಲ್ಯಮಾಪನದಲ್ಲಿ ದೋಷ ಉಂಟಾಗಿದ್ದು’ ಎಂದು ಬರೆದರು, ಹೊಡೆದುಹಾಕಿದರು. ಕಡೆಗೆ ‘ತಪ್ಪು ನನ್ನದು’ ಎಂದು ಬರೆದು, ಸಹಿ ಹಾಕಿ, ಪೇಪರನ್ನೂ ಉತ್ತರಪಟ್ಟಿಯನ್ನೂ ಜೊತೆಗಿಟ್ಟರು. ಮೂರು ಪ್ರತಿಗಳಲ್ಲೂ ಹೆಸರಿನ ಮೇಲೆ ಗೆರೆ ಬಿತ್ತು.

“ಸರಿ, ಇಟ್ಕೊಂಡು ಏನ್ಮಾಡ್ತೀರಿ ಅವಳನ್ನ? ಇನ್ನೂ ಹತ್ತು ಲೆಕ್ಕವಾ?”

ಯುದ್ಧ ಮುಗಿಯಿತೆಂದುಕೊಂಡಿದ್ದ ವೀರರು ಆ ರಾತ್ರಿಯೆಲ್ಲ ಇದಕ್ಕೆ ಉತ್ತರ ಹುಡುಕುತ್ತ ಕೂತರು.

ಮಾರನೆಯ ದಿನ ತರಗತಿಯೆಲ್ಲ ಗುಣಾಕಾರದಲ್ಲಿ ಮುಳುಗಿರುವಾಗ ಮೇಷ್ಟ್ರು ಗುಬ್ಬಿಯ ಮುಂದೆ ಒಂದು ಚೀಟಿ ಇಟ್ಟರು. ‘ಅಂಗಳದ ಮರದಲ್ಲಿ ಎಲೆ ಎಷ್ಟಿವೆ? ಒಂದೊಂದಾಗಿ ಎಣಿಸುವಂತಿಲ್ಲ.’

ಗುಬ್ಬಿ ಓದಿದಳು. ತಿಂಗಳುಗಳ ನಂತರ ಮೊದಲ ಸಲ ಪೆನ್ಸಿಲ್ಲಿನ ತುದಿ ಕಚ್ಚಿದಳು. “ನಿಮಗೆ ಗೊತ್ತಾ ಸಾರ್, ಉತ್ತರ?”

ನಲವತ್ತು ತಲೆಗಳು ಮೇಲೆದ್ದವು. ಈ ಸಲ ಮೇಷ್ಟ್ರು ಗುಡುಗಲಿಲ್ಲ. “ಗೊತ್ತಿಲ್ಲಮ್ಮ.”

“ಹಾಗಾದ್ರೆ ಬನ್ನಿ,” ಎಂದು ಗುಬ್ಬಿ ಬೆಂಚಿನಲ್ಲಿ ಕಿಟಕಿಯ ಕಡೆಗೆ ಸರಿದು ಜಾಗ ಬಿಟ್ಟಳು. “ಮೊದ್ಲು ಒಂದು ಕೊಂಬೆ ನೋಡೋಣ.”