ಮೂರನೆಯ ಮಹಡಿಯಿಂದ ಇಳಿದ ಹಗ್ಗ

ಮುಂಬಯಿಯ ಘಾಟ್ಕೋಪರ್‌ನಲ್ಲಿರುವ ಅಕ್ಕನ ಮನೆಗೆ ನಾನು ಬಂದಾಗಿನಿಂದ ಭಾವ ಪೇಪರಿನಲ್ಲಿ ಬಂದ ಬ್ಯಾಟರಿ ಕಾರಿನ ಜಾಹೀರಾತನ್ನೇ ಓದುತ್ತಿದ್ದಾರೆ. ಕೊಳ್ಳುವ ಮನಸ್ಸೇನೋ ಇದೆ. ಆದರೆ ಕಾರು ನಿಲ್ಲುವುದು ಕೆಳಗೆ, ಮನೆ ಇರುವುದು ಮೂರನೆಯ ಮಹಡಿಯಲ್ಲಿ. ಚಾರ್ಜ್ ಮಾಡಲು ಎಷ್ಟು ಉದ್ದದ ವೈರ್ ಬೇಕು?

ಅಳತೆಗೆಂದು ಇವತ್ತು ಬೆಳಿಗ್ಗೆ ತರಕಾರಿ ಬುಟ್ಟಿಯ ಹಗ್ಗವನ್ನೇ ಬಾಲ್ಕನಿಯಿಂದ ಇಳಿಬಿಟ್ಟರು. ಬುಟ್ಟಿ ನೆಲ ಮುಟ್ಟಿತು. ಹಗ್ಗಕ್ಕೆ ಗಂಟು ಹಾಕಿ ಮೇಲೆಳೆದರೆ ಭಾರ. ಕೆಳಗೆ ತರಕಾರಿ ಮಾರುತ್ತಿದ್ದ ಭಾಜಿವಾಲಾ ರೂಢಿಯಂತೆ ಎರಡು ಕಟ್ಟು ಮೆಂತ್ಯದ ಸೊಪ್ಪು ಇಟ್ಟು ಕಳಿಸಿದ್ದ. ಬುಟ್ಟಿ ಇಳಿದರೆ ಏನು ಬೇಕೆಂದು ಅವನು ಕೇಳುವುದೇ ಇಲ್ಲವಂತೆ. ಮೈಸೂರಿನವನಾದ ನನಗೆ ಸೋಜಿಗ.

"ವೈರ್ ಇಲ್ಲೇ ನೇತಾಡ್ತಿದ್ರೆ ನನ್ನ ಬುಟ್ಟಿ ಎಲ್ಲಿಂದ ಇಳಿಸ್ಲಿ?" ಎಂದಳು ಅಕ್ಕ.

"ನಮ್ಮ ಲೋಕಲ್ ಟ್ರೈನೂ ಕರೆಂಟಿನದೇ ಅಲ್ವೇನೆ, ಅದೇ ಸಾಕು ಬಿಡು," ಎಂದು ನಕ್ಕ ಭಾವ, ಅದೇ ಪೇಪರನ್ನು ನೆಲಕ್ಕೆ ಹಾಸಿ ಸೊಪ್ಪು ಬಿಡಿಸಲು ಕೂತರು.