ಡಾಕ್ಟರು ಹೇಳದ ಮಾತು

ಶಾರದಾ, ಅಂದು ಡಾಕ್ಟರು ನಿನಗೆ ನಡೆಯಲು ಹೇಳಲಿಲ್ಲ. ಹೇಳಿದವನು ನಾನು.

ಮೆಹದಿಪಟ್ಟಣಂನಲ್ಲಿ ಬಸ್ಸಿನ ಕೊನೆಯ ಮೆಟ್ಟಿಲಿನಿಂದ ನೀನು ಜಾರಿದ್ದು ಒಂದು ಗೇಣು ಎತ್ತರದಿಂದಷ್ಟೇ. ಸೀರೆ ಕೊಡವಿಕೊಂಡು, "ಜನಾ ನೋಡಾಕತ್ತಾರ, ಲಗೂ ನಡೀರಿ" ಎಂದು ನಕ್ಕಿದ್ದೆ. ವಾರ ಕಳೆದರೂ ಪಾದದ ಊತ ಇಳಿಯಲಿಲ್ಲ. ನಾನು ಹೈಸ್ಕೂಲು ದಾಟದವನು. ಹಳೆಯ ಪುಸ್ತಕದಂಗಡಿಗಳ ವೈದ್ಯಗ್ರಂಥಗಳನ್ನು ಓದಿ, ಯಾರ ಮಾತನ್ನೂ ಸುಮ್ಮನೆ ಒಪ್ಪಬಾರದೆಂದು ತೀರ್ಮಾನಿಸಿದ್ದವನು. ಇದು ಬರೀ ಉಳುಕು, ನಡೆದರೆ ಸರಿಹೋಗುತ್ತದೆ ಎಂದು ಮನೆಯಲ್ಲಿ ಸಾರಿಬಿಟ್ಟಿದ್ದೆ. ಕೊನೆಗೆ ದವಾಖಾನೆಗೆ ಹೋದಾಗ ಡಾಕ್ಟರು ಬೇರೆಯೇ ಹೇಳಿದರು — ತೆಲುಗಿನಲ್ಲಿ. ಬಾಗಲಕೋಟೆಯಿಂದ ಈ ತೆಲುಗರ ಊರಿಗೆ ಬಂದು ವರ್ಷ ತುಂಬಿರದ ನಿನಗೆ ಆ ಭಾಷೆ ಬರುತ್ತಿರಲಿಲ್ಲ. ಪೇಟೆಯಲ್ಲಿ, ದವಾಖಾನೆಯಲ್ಲಿ ನಿನ್ನ ಕಿವಿಯೂ ಬಾಯಿಯೂ ನಾನೇ ಆಗಿದ್ದೆ.

"ಏನ್ ಅಂದ್ರು ರೀ?" ಎಂದು ನನ್ನ ತೋಳು ಹಿಡಿದು ಕೇಳಿದೆ.

"ಉಳುಕು ಅಷ್ಟ. ನಾ ಹೇಳಿದ್ದನ್ನ ಅವ್ರೂ ಹೇಳಿದ್ರು. ದಿನಾ ನಡೀಬೇಕಂತ."

ನೀನು ನಡೆದೆ. ಮೇಲಿನ ಮಹಡಿಗೆ ನೀರಿನ ಕೊಡ ಹೊತ್ತು, ತುಟಿ ಕಚ್ಚಿ, "ಡಾಕ್ಟರ ಹೇಳ್ಯಾರಲ್ಲ" ಎಂದು ನಿನಗೆ ನೀನೇ ಧೈರ್ಯ ಹೇಳಿಕೊಳ್ಳುತ್ತ... ಆ ಕಾಲಿನ ನೋವು ಹೋಗಲೇ ಇಲ್ಲ. ಇಂದಿಗೂ ಎಲ್ಲರೂ ನೆಲದ ಮೇಲೆ ಊಟಕ್ಕೆ ಕೂತಾಗ ನೀನೊಬ್ಬಳೇ ಸ್ಟೂಲು ಎಳೆದುಕೊಳ್ಳುತ್ತೀ.

ಪುರಾಣವನ್ನು, ಇತಿಹಾಸವನ್ನು, ಪತ್ರಿಕೆಯ ಸುದ್ದಿಯನ್ನು — ಎಲ್ಲವನ್ನೂ ಶಂಕಿಸಿದ ನಾನು, ನಮ್ಮ ಮನೆಯಲ್ಲಿ ಬೆಳೆದ ಒಂದು ಕತೆಯನ್ನು ಮಾತ್ರ ಹಾಗೆಯೇ ಬಿಟ್ಟೆ: ಡಾಕ್ಟರು ಕೆಡಿಸಿದ ಕಾಲು. ನಿನ್ನೆ ಪಕ್ಕದ ಮನೆಯ ಸೊಸೆ ಕಾಲು ತಿರುಚಿಕೊಂಡು ಬಂದಾಗ, ಆ ಡಾಕ್ಟರ ಬಳಿ ಮಾತ್ರ ಹೋಗಬೇಡವೆಂದು ನೀನು ಅವಳಿಗೆ ತೆಲುಗಿನಲ್ಲೇ ಹೇಳಿದೆ — ಈಗ ನಿನ್ನ ತೆಲುಗು ನನ್ನದಕ್ಕಿಂತ ಚೆಂದ. ಮತ್ತೆ ನನ್ನತ್ತ ತಿರುಗಿ, "ಹೌದಲ್ಲರೀ? ನೀವ ಇದ್ರಿ ಅಲ್ಲೆ" ಎಂದೆ.

ನಾನು — ಹೌದೆಂದು ತಲೆಯಾಡಿಸಿದೆ.

ಅಂದು ಯಾಕೆ ಹಾಗೆ ಮಾಡಿದೆನೆಂದು... ಬೇಡ, ಕಾರಣ ಹುಡುಕುವುದಿಲ್ಲ. ಇವತ್ತು ಆ ಸೊಸೆ ಮತ್ತೆ ಬರುತ್ತಾಳೆ. ಅವಳೆದುರಿಗೇ ಬಾಯಿಬಿಟ್ಟು ಹೇಳುತ್ತೇನೆ. ಏನಂದರು ಎಂದು ನೀನು ಕೇಳಿದ್ದೆಯಲ್ಲ, ಶಾರದಾ, ಅವರು ಅಂದದ್ದು ಇಷ್ಟು: "ಎಲುಬು ಬಿರುಕು ಬಿಟ್ಟಿರಬಹುದು. ಇವತ್ತೇ ಎಕ್ಸ್‌ರೇ ತೆಗೆಸಿ. ಅಮ್ಮನವರನ್ನು ನಡೆಸಬೇಡಿ."