ಐದು ಪದ, ಒಂದು ಲೈಟರ್

ಅಕ್ಕನ ಅಡುಗೆಮನೆಯ ಗ್ಯಾಸ್ ಲೈಟರನ್ನು ಅವಳ ಸೊಸೆ ಬೀರುವಿನ ಮೇಲೆ ಎತ್ತಿಟ್ಟಳೆಂದು ತಿಳಿದ ದಿನ ನಾನು ಶ್ರೀನಿವಾಸಪುರದಿಂದ ಗೌನಿಪಲ್ಲಿಗೆ ಬಸ್ಸು ಹತ್ತಿದೆ. ಹತ್ತಿದ್ದು ಜಗಳ ಆಡುವುದಕ್ಕೇ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಆದರೆ ಆ ಹುಡುಗಿ ತಳ ಕಪ್ಪಾದ ಎರಡು ಹಾಲಿನ ಪಾತ್ರೆ ಮತ್ತು ಅರ್ಧ ಸುಟ್ಟ ಒಂದು ಮಸಿಬಟ್ಟೆ ತಂದು ನನ್ನ ಮುಂದೆ ಇಟ್ಟಳು. ಜಗಳ ಬಿಟ್ಟು ನಾನು ಅಕ್ಕನ ಹತ್ತಿರ ಹೋದೆ.

ಅಕ್ಕನಿಗೆ ಎಪ್ಪತ್ತೈದು. ಹಾಲು ಒಲೆಯ ಮೇಲಿಟ್ಟು ಕರು ನೋಡಲು ಹಿತ್ತಲಿಗೆ ಹೋದವಳು ಅಲ್ಲೇ ಉಳಿದುಬಿಡುತ್ತಿದ್ದಳು. ಅವತ್ತು ಜಗಲಿಯ ಮೇಲೆ ಕೈ ಮಡಚಿಕೊಂಡು ಕೂತಿದ್ದಳು. ಅಕ್ಕ ಸುಮ್ಮನೆ ಕೂತದ್ದನ್ನು ನಾನು ಕಂಡದ್ದೇ ಕಡಿಮೆ.

"ಐವತ್ತು ವರ್ಷ ಈ ಮನೇಲಿ ಎಲ್ರಿಗಿಂತ ಮುಂಚೆ ಎದ್ದು ಹಾಲು ಕಾಯಿಸಿದೋಳು ಕಣೇ ನಾನು. ಈಗ ಒಂದು ಲೋಟ ಕಾಫಿಗೆ ಸೊಸೆ ಏಳೋವರ್ಗೂ ಕಾಯ್ಬೇಕು," ಅಂದಳು.

ಅರವತ್ತಕ್ಕೆ ಅರಳು ಮರಳು ಅನ್ನುತ್ತಾರೆ. ಅಕ್ಕ ಅದನ್ನು ದಾಟಿ ಹದಿನೈದು ವರ್ಷ ನೆಟ್ಟಗೇ ಇದ್ದಳಲ್ಲ ಎಂದು ನಾನು ಸಮಾಧಾನ ಹೇಳಿಕೊಳ್ಳಲು ನೋಡಿದೆ. ಆಗಲಿಲ್ಲ. ನನಗೆ ಭಯವಾಗಿತ್ತು. ಇವತ್ತು ಹಾಲು ಮರೆತವಳು ನಾಳೆ ನನ್ನನ್ನೇ ಮರೆತರೆ?

ಕೋಲಾರದಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿದೆವು. ಹುಬ್ಬಳ್ಳಿ ಕಡೆಯವರು, ಚಿಕ್ಕ ವಯಸ್ಸು. ಐದು ಪದ ಹೇಳಿ, ಬೇರೆ ಮಾತಾಡಿಸಿ, ಮತ್ತೆ ಕೇಳಿದರು. ಅಕ್ಕ ಎರಡು ಹೇಳಿದಳು. ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತೀರಿ ಅಂದರು. ಹಸು, ನಾಯಿ, ಬೆಕ್ಕು, ಮೇಕೆ. ಅಷ್ಟಕ್ಕೆ ನಿಂತಳು. ಜೀವಮಾನವಿಡೀ ದನಕರುಗಳ ನಡುವೆ ಬದುಕಿದವಳು!

"ಮಿದುಳಿಗೂ ದಿನಾ ಕೆಲಸ ಕೊಡ್ರಿ," ಅಂದರು ಡಾಕ್ಟರು. "ಐದು ಪದ ಹೇಳ್ರಿ. ಪದಕ್ಕೊಂದು ಚಿತ್ರ ಮನಸ್ಸಿನಾಗ ಕಟ್ಟಿಕೊಳ್ಳಾಕ ಹೇಳ್ರಿ. ಅರ್ಧ ತಾಸು ಬಿಟ್ಟು ಕೇಳ್ರಿ. ಮೂರು ತಿಂಗಳ ಮ್ಯಾಲೆ ಮತ್ತ ನೋಡೋಣ. ಅಲ್ಲೀತನಕ ಒಲಿ ಹಚ್ಚಾಕ ಬಿಡಬ್ಯಾಡ್ರಿ."

ಅಂದರೆ ಲೈಟರು ಮೂರು ತಿಂಗಳು ಬೀರುವಿನ ಮೇಲೇ. ಅದನ್ನು ಕೆಳಗಿಳಿಸುವ ಜವಾಬ್ದಾರಿ ನನ್ನದು ಎಂದು ಅವತ್ತೇ ತೀರ್ಮಾನ ಮಾಡಿದೆ. ಮೂವತ್ನಾಲ್ಕು ವರ್ಷ ಪ್ರೈಮರಿ ಶಾಲೆಯಲ್ಲಿ ಕನ್ನಡ ಕಲಿಸಿದವಳು ನಾನು. ಒಬ್ಬ ಅಕ್ಕನನ್ನು ಪಾಸು ಮಾಡಿಸಲಾರೆನೆ? ನೂರು ಪುಟದ ನೋಟ್‌ಬುಕ್ಕು, ಕೆಂಪು ಪೆನ್ನು ಕೊಂಡುಕೊಂಡೆ. ದಿನ ಬಿಟ್ಟು ದಿನ ಬೆಳಗಿನ ಬಸ್ಸಿಗೆ ಹೊರಟುಬಿಡುತ್ತಿದ್ದೆ. ನಿವೃತ್ತಿಯಾದ ಮೇಲೆ ಇಷ್ಟು ಹುರುಪು ನನಗೆ ಬಂದಿರಲಿಲ್ಲ. ಅಕ್ಕನ ಮಗ ಫೋನಿನಲ್ಲಿ ಬಣ್ಣಬಣ್ಣದ ಗೋಲಿ ಜೋಡಿಸುವ ಆಟವೊಂದನ್ನೂ ಹಾಕಿಕೊಟ್ಟಿದ್ದ. ಅಕ್ಕ ಎರಡು ದಿನ ಆಡಿ, "ಇದ್ಕಿಂತ ಅವರೆಕಾಯಿ ಸುಲಿಯೋದು ಮೇಲು, ಸಾರಿಗಾದ್ರೂ ಆಗ್ತದೆ," ಎಂದು ಪಕ್ಕಕ್ಕಿಟ್ಟಳು.

ಪದಗಳ ಪಾಠ ಮಾತ್ರ ಅವಳಿಗೆ ಇಷ್ಟವಾಯಿತು. ನಾನು ಒಂದೊಂದೇ ಪದ ಹೇಳುತ್ತಿದ್ದೆ, ಅವಳು ಬಾಯಿಬಿಟ್ಟು ಹೇಳಿ, ಕಣ್ಣು ಮುಚ್ಚಿ ಚಿತ್ರ ಕಟ್ಟುತ್ತಿದ್ದಳು. ಆಮೇಲೆ ಅರ್ಧ ಗಂಟೆ ಊರ ಸುದ್ದಿ. ಅದಾದ ಮೇಲೆ ಪರೀಕ್ಷೆ. ಆದರೆ ಫಲಿತಾಂಶ ಮೇಲೇಳಲಿಲ್ಲ. ಒಂದು ದಿನ ಐದಕ್ಕೆ ಐದು ಹೇಳಿದರೆ ಮರುಪಾಠಕ್ಕೆ ಎರಡು. ಮಿಕ್ಕವುಗಳ ಜಾಗದಲ್ಲಿ ನಾನು ಹೇಳದೇ ಇದ್ದ ಪದಗಳು ಬರುತ್ತಿದ್ದವು. ನನಗೆ ರೇಗುತ್ತಿತ್ತು.

"ನೀನು ಕೊಡೋ ಪದಗಳೇ ಸರಿಯಿಲ್ಲ ಕಣೇ," ಅಂದಳು ಒಮ್ಮೆ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಅಂದೆ ನಾನು. ಅಕ್ಕ ಮುಖ ಆ ಕಡೆ ತಿರುಗಿಸಿಕೊಂಡಳು.

ಎರಡನೇ ತಿಂಗಳ ಕೊನೆಯಲ್ಲಿ ಒಂದು ದಿನ ನಾನು ಕೊಟ್ಟ ಪದಗಳು ಇವು: ಬಾಗಿಲು, ಹಾವು, ಮಾವು, ಕೋಡಿ, ಪಾಲು. ಕೋಡಿ ಎಂದರೆ ಕೆರೆ ತುಂಬಿದಾಗ ನೀರು ಹರಿದುಹೋಗುವ ಜಾಗ. ಅರ್ಧ ಗಂಟೆ ಬಿಟ್ಟು ಕೇಳಿದೆ. ಅಕ್ಕ ತಡವರಿಸಲೇ ಇಲ್ಲ.

"ಬಾಗಿಲು, ಹಸು, ಮಾವು, ಕೋಳಿ, ಹಾಲು."

ನಾನು ಮೂರು ಕೆಂಪು ಗೆರೆ ಎಳೆದೆ. "ಹಸು ಎಲ್ಲಿಂದ ಬಂತಕ್ಕಾ? ನಾನ್ ಹೇಳಿದ್ದು ಹಾವು!"

"ಅದೇ ಅಲ್ವೇನೇ ನಾನ್ ಹೇಳಿದ್ದು? ಆವು. ಚಿತ್ರ ಕಟ್ಕೋ ಅಂದೆ, ನಮ್ಮ ಕೆಂದಾವು ಕಟ್ಕೊಂಡೆ. ಕರೂನೂ ಸೇರಿಸ್ಕೊಂಡೆ."

ಪೆನ್ನು ನನ್ನ ಕೈಯಲ್ಲೇ ನಿಂತಿತು. ಆವು! ತೆಲುಗಿನಲ್ಲಿ ಆವು ಎಂದರೆ ಹಸು. ನಮ್ಮ ಕಡೆ ಎಷ್ಟೋ ಸಲ ಹಕಾರ ಬಾಯಲ್ಲಿ ನಿಲ್ಲುವುದಿಲ್ಲ. ಅಕ್ಕನ ಬಾಯಿಗೆ ಹೋದ ನನ್ನ ಹಾವು ಆವು ಆಗಿ, ಮನಸ್ಸಿನೊಳಗೆ ಕರುವಿನ ಸಮೇತ ಹೋಗಿ ನಿಂತಿತ್ತು. ನಾನು ಕನ್ನಡದಲ್ಲಿ ಕೇಳಿದಾಗ ಪಾಪ, ಕನ್ನಡಕ್ಕೆ ತಿರುಗಿಸಿ ಹಸು ಅಂದಿದ್ದಳು. ತೆಲುಗಿನಲ್ಲಿ ಕೋಡಿ ಎಂದರೆ ಕೋಳಿ. ಪಾಲು ಎಂದರೆ ಹಾಲು. ಐದಕ್ಕೆ ಐದೂ ಸರಿ!

ಹಳೆಯ ಪುಟಗಳನ್ನೆಲ್ಲ ತಿರುವಿ ಹಾಕಿದೆ. ನಾನು ತಪ್ಪು ಹಾಕಿದ್ದರಲ್ಲಿ ಎಷ್ಟೋ ಈ ಜಾತಿಯವೇ. ಎಲ್ಲವೂ ಅಲ್ಲ, ಕೆಲವನ್ನು ಅವಳು ನಿಜಕ್ಕೂ ಮರೆತಿದ್ದಳು. ಆದರೂ ನಾನು ಎದ್ದು ನಿಂತು, "ಅಕ್ಕಾ, ನಿನ್ ತಲೆ ಓಡ್ತಾ ಇದೆ ಕಣೇ! ಎರಡು ಭಾಷೇಲಿ ಓಡ್ತಾ ಇದೆ!" ಎಂದು ಕೂಗಿಬಿಟ್ಟೆ. ಏನಾಯಿತೋ ಎಂದು ಸೊಸೆ ಹಿತ್ತಲಿನಿಂದ ಓಡಿ ಬಂದಳು.

"ನಾನು ಅವತ್ತೇ ಹೇಳ್ಲಿಲ್ವಾ?" ಅಂದಳು ಅಕ್ಕ.

ಹೇಳಿದ್ದಳು. ನೆಲವೇ ಡೊಂಕಾಗಿತ್ತು. ನಮ್ಮಮ್ಮನ ಮನೆಮಾತೇ ತೆಲುಗು. ಅಕ್ಕ ಮದುವೆಯಾಗಿ ಬಂದ ಈ ಮನೆಯಲ್ಲಿ ದನಗಳನ್ನು ಬೈಯುವುದೂ ತೆಲುಗಿನಲ್ಲೇ. ನನಗೂ ತೆಲುಗು ಚೆನ್ನಾಗಿ ಬರುತ್ತದೆ. ಕೆಂಪು ಪೆನ್ನು ಹಿಡಿದಾಗ ಮಾತ್ರ ಬರುವುದಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ಎರಡನೇ ತರಗತಿಯ ಒಂದು ಹುಡುಗಿ ನೆನಪಾದಳು. "ಆವು ಹುಲ್ಲು ತಿನ್ನುತ್ತದೆ" ಎಂದು ಬರೆದಿದ್ದಳು. ಇಡೀ ತರಗತಿಯ ಮುಂದೆ ಓದಿಸಿ ನಗಿಸಿದ್ದೆ, ನಾನೂ ನಕ್ಕಿದ್ದೆ. ಎಷ್ಟೋ ವರ್ಷದ ಮೇಲೆ, ಕಿಟಕಿ ಪಕ್ಕದ ಸೀಟಿನಲ್ಲಿ ಕೂತು, ನನಗೆ ನಾಚಿಕೆಯಾಯಿತು.

ಮೂರು ತಿಂಗಳಿಗೆ ಸರಿಯಾಗಿ ಕೋಲಾರಕ್ಕೆ ಹೋದೆವು. ಡಾಕ್ಟರಿಗೆ ಹಾವಿನ ಕಥೆ ಹೇಳಿದೆ. ಅವರು ಜೋರಾಗಿ ನಕ್ಕು, "ಹಂಗಾದ್ರ ಪ್ರಾಣಿಗಳ ಹೆಸರು ತೆಲುಗಿನ್ಯಾಗ ಹೇಳ್ಲಿ. ನನಗ ಬರಂಗಿಲ್ಲ, ಸಿಸ್ಟರ್ ಎಣಿಸ್ತಾರ," ಅಂದರು. ಸಿಸ್ಟರ್ ತಾಯಲೂರಿನ ಕಡೆಯವರು, ತೆಲುಗು ಬಲ್ಲವರು, ಆಗಲೇ ಬೆರಳು ಮಡಚಲು ತಯಾರಾಗಿದ್ದರು.

ಅಕ್ಕ ಸೆರಗು ಸರಿಮಾಡಿಕೊಂಡಳು. "ಆವು, ಎದ್ದು, ದೂಡ, ಎನುಮು, ಮೇಕ, ಗೊರ್ರೆ, ಕುಕ್ಕ, ಪಿಲ್ಲಿ, ಎಲುಕ, ನಕ್ಕ, ಪಂದಿ, ಕೋತಿ, ಕುಂದೇಲು..." ಹಸುವಿನಿಂದ ಮೊಲದವರೆಗೆ ಎಣಿಸುತ್ತ ಸಿಸ್ಟರ್ ಎರಡೂ ಕೈಯ ಬೆರಳು ಮುಗಿಸಿ ಮತ್ತೆ ಹೆಬ್ಬೆರಳಿನಿಂದ ಶುರುಮಾಡಿದ್ದರು. ನಾನು ಕುರ್ಚಿಯ ತುದಿಗೆ ಜಾರಿದ್ದೆ. ಅಕ್ಕ ನನ್ನ ಕಡೆ ತಿರುಗಿ, "ಪಾಮು. ಇದು ನಿನ್ ಹಾವು ಕಣೇ," ಅಂದಳು.

ಐದು ಪದಗಳಲ್ಲಿ ನಾಲ್ಕು ಹೇಳಿದಳು. ಐದನೆಯದು ನಾಲಿಗೆಯ ತುದಿಯವರೆಗೂ ಬಂದು ಹಿಂದಕ್ಕೆ ಹೋಯಿತು.

"ಮರೆವು ಸ್ವಲ್ಪ ಐತಿ, ಇಲ್ಲಂತಲ್ಲ," ಅಂದರು ಡಾಕ್ಟರು. "ಆದ್ರ ನಾ ತಿಳಕೊಂಡಷ್ಟು ಇಲ್ಲ. ಪಾಠ ನಿಲ್ಲಿಸಬ್ಯಾಡ್ರಿ. ಮನಿಯಾಗ ಯಾರರ ಇದ್ದಾಗ ಒಲಿ ಹಚ್ಚಲಿ. ಹಚ್ಚಿದ ಮ್ಯಾಲೆ ಅಲ್ಲಿಂದ ಕದಲಬಾರದು, ನೋಡ್ರಿ ಅಜ್ಜಿ."

ಸಂಜೆ ಗೌನಿಪಲ್ಲಿಯಲ್ಲಿ ಇಳಿದಾಗ ಸೊಸೆ ಬಾಗಿಲಲ್ಲೇ ನಿಂತಿದ್ದಳು. ವಿಷಯ ಕೇಳಿದವಳೇ ಒಳಗೆ ಹೋಗಿ, ಸ್ಟೂಲು ಹತ್ತಿ ಬೀರುವಿನ ಮೇಲಿಂದ ಲೈಟರು ಇಳಿಸಿದಳು. ಸೆರಗಿನಲ್ಲಿ ಧೂಳು ಒರೆಸಿ, "ತಗೊಳ್ಳಿ ಅತ್ತೆ," ಎಂದು ಕೊಟ್ಟಳು. ಅಕ್ಕ ಬಚ್ಚಲಿಗೆ ಹೋಗಿ ಕೈಕಾಲು ತೊಳೆದುಕೊಂಡು ಬಂದು ಒಲೆ ಹಚ್ಚಿದಳು, ಹಾಲು ಇಟ್ಟಳು.

ನನ್ನ ಸಂಭ್ರಮ ಹೇಳತೀರದು. ಸಿಸ್ಟರ್ ಬೆರಳು ಮಡಚಿದ್ದು, ಡಾಕ್ಟರು ಕಣ್ಣರಳಿಸಿದ್ದು, ಎಲ್ಲವನ್ನೂ ಸೊಸೆಗೆ ಅಭಿನಯ ಮಾಡಿ ತೋರಿಸುತ್ತಿದ್ದೆ. ಅಕ್ಕ ಒಲೆಯ ಮುಂದಿನಿಂದ ಅಲುಗಲಿಲ್ಲ. ಹಿತ್ತಲಿನಲ್ಲಿ ಕರು ಕೂಗಿತು. ನಾನೂ ಸೊಸೆಯೂ ಅಕ್ಕನ ಬೆನ್ನನ್ನೇ ನೋಡಿದೆವು.

"ಕೂಗ್ಕೊಳ್ಲಿ ಬಿಡು. ಹಾಲು ಉಕ್ಕಲಿ ಮೊದ್ಲು," ಅಂದಳು ಅಕ್ಕ, ತಿರುಗಿ ನೋಡದೆ.

ಹಾಲು ಅಂಚಿನವರೆಗೆ ಬಂತು. ಸರಿಯಾದ ಗಳಿಗೆಗೆ ಆರಿಸಿದಳು. ಮೂರು ಲೋಟಕ್ಕೆ ಬಗ್ಗಿಸಿ, ಸೊಸೆಗೊಂದು ಕೊಟ್ಟು, ಇನ್ನೊಂದನ್ನು ನನ್ನ ಕಡೆ ಚಾಚಿದಳು.

"ತಗೋ, ನಿನ್ ಪಾಲು."

ಕನ್ನಡದಲ್ಲಿ ಅಂದಳೋ ತೆಲುಗಿನಲ್ಲಿ ಅಂದಳೋ ನಾನು ಕೇಳಲಿಲ್ಲ. ಎರಡೂ ಸರಿಯಾಗಿತ್ತು.